ಮಳೆ ಪುಸ್ತಕವೂ ಹಬ್ಬದ ದಿನವೂ: ಕೊಡಗಿನಲ್ಲಿ ನಾನು ಮಾಡಿದ ಕ್ಷೇತ್ರಕಾರ್ಯ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ದಿನವೂ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟಿನ (ಇಂಚಿನ ನೂರರಲ್ಲಿ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುವ ಪುಸ್ತಕಗಳನ್ನೂ ಅದೇ ಮನೆಯವರ ನಾಟಿ, ಕೊಯ್ಲು, ಹಬ್ಬಗಳ ನೆನಪನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು ಎಂದು ನಾನು ಹೇಳಿದಾಗ ಒಪ್ಪಿದವರು ಬಹಳ ಕಡಿಮೆ. ತೋಟದವರ ಮಳೆ ಪುಸ್ತಕ ದಾಖಲೆಯೇ ಅಲ್ಲ ಎಂದು ಹವಾಮಾನದ ಕಡೆಯವರು ತಳ್ಳಿಹಾಕಿದರು. ಅಂಕಿಗಳ ಬೆನ್ನು ಹತ್ತಿದರೆ ಜನರ ಮಾತು ಕಿವಿಗೆ ಬೀಳುವುದಿಲ್ಲ ಎಂದು ಮಾನವಶಾಸ್ತ್ರದ ಗೆಳೆಯರು ಎಚ್ಚರಿಸಿದರು. ಈಗ ವಿಧಾನ ಫಲ ಕೊಟ್ಟಿದೆ, ಅಂದು ಬೇಡವೆಂದವರಲ್ಲಿ ಇಬ್ಬರು ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿಗೆ ಕಳಿಸುತ್ತಿದ್ದಾರೆ. ಇದೇ ಕೆಲಸದಲ್ಲಿರುವವರಿಗೆ ನೆರವಾಗಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಅನುದಾನ ಕೊಟ್ಟ ಸಂಸ್ಥೆಯ ಒತ್ತಾಯಕ್ಕೆ ಸುಮಾರು ನಲವತ್ತು ಪ್ರಶ್ನೆಗಳ ನಮೂನೆ ಹಿಡಿದು ಮನೆಮನೆಗೆ ಹೋಗಬೇಕಾಯಿತು. ಕಕ್ಕಬೆಯಿಂದ ಸೋಮವಾರಪೇಟೆಯವರೆಗೆ ಉತ್ತರ ಒಂದೇ: ಮೊದಲಿನ ಮಳೆ ಈಗಿಲ್ಲ, ಮೊದಲಿನ ಚಳಿ ಈಗಿಲ್ಲ. ಇದು ಸುಳ್ಳಲ್ಲ, ಆದರೆ ಇದರಿಂದ ಏನನ್ನೂ ಅಳೆಯಲಾಗದು. ಅದಕ್ಕಿಂತ ದೊಡ್ಡ ತೊಡಕು 2018ರ ಆಗಸ್ಟ್‌ನದು. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಆ ವಾರದ ನೆನಪು ಹಿಂದಿನ ಮೂವತ್ತು ವರ್ಷಗಳ ಮಳೆಯನ್ನೆಲ್ಲ ನುಂಗಿಬಿಟ್ಟಿದೆ. 1990ರ ದಶಕದ ಬಗ್ಗೆ ಕೇಳಿದರೂ ಮಾತು ತಿರುಗಿ 2018ಕ್ಕೇ ಬಂದು ನಿಲ್ಲುತ್ತಿತ್ತು. ಆ ನಮೂನೆಗಳ ಮುದ್ರಣ, ಓಡಾಟ, ಟೈಪಿಂಗ್ ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಖರ್ಚಾಯಿತು, ಬಳಸಿಕೊಳ್ಳಲು ಒಂದು ಕೋಷ್ಟಕವೂ ದಕ್ಕಲಿಲ್ಲ.

ಮಳೆ ಪುಸ್ತಕಗಳ ಕಡೆ ತಿರುಗಿದ್ದು ಆಮೇಲೆ. ರೊಬಸ್ಟಾ ಬೆಳೆಯುವವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂವರಳಿಸುವ ಹೂಮಳೆ ಎಷ್ಟು ಸೆಂಟು ಬಿತ್ತು, ಎರಡು ಮೂರು ವಾರದಲ್ಲಿ ಅದರ ಹಿಂದೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬಂತೇ ಎಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿರುವುದರಿಂದ ಅವರು ಪುಸ್ತಕವನ್ನು ಶ್ರದ್ಧೆಯಿಂದ ಬರೆಯುತ್ತಾರೆ. ಆದರೆ ಪ್ರತಿ ಪುಸ್ತಕಕ್ಕೂ ಅದರದೇ ಕಾಯಿಲೆಗಳಿವೆ. ಮನೆಯವರು ಮದುವೆಗೆ ಹೋದ ಮೂರು ದಿನ ಸೊನ್ನೆ, ನಾಲ್ಕನೆಯ ದಿನ ಎಲ್ಲ ಸೇರಿ ಆರು ಇಂಚು. ಸಿಲ್ವರ್ ಓಕ್ ಮರ ಬೆಳೆದು ಮಳೆ ಅಳೆಯುವ ಗೇಜಿನ ಮೇಲೆ ಚಾಚಿಕೊಂಡಂತೆ ವರ್ಷದ ಮೊತ್ತ ಇಳಿಯುತ್ತಾ ಹೋಗುತ್ತದೆ. ಮರ ಕಡಿದ ವರ್ಷ ಒಮ್ಮೆಗೇ ಏರುತ್ತದೆ. ಒಂದು ಮನೆಯ ಪುಸ್ತಕದಲ್ಲಿ ಎಂಟು ವರ್ಷಗಳ ಮಳೆ ನೆರೆಮನೆಯ ಮಳೆಯ ಐದರಲ್ಲಿ ಎರಡು ಪಾಲಿಗೆ ಇಳಿದಿತ್ತು. ವಿಚಾರಿಸಿದಾಗ ಕಾರಣ ತಿಳಿಯಿತು: ಅಳತೆಯ ಗಾಜು ಒಡೆದಿದ್ದರಿಂದ, ಐದಿಂಚು ಬಾಯಿಯ ಗೇಜಿಗೆ ಎಂಟಿಂಚು ಗೇಜಿನ ಗಾಜನ್ನು ತಂದು ಬಳಸಿದ್ದರು. ಬಾಯಿಯ ವಿಸ್ತೀರ್ಣದ ಲೆಕ್ಕ ಹಾಕಿದರೆ 64ಕ್ಕೆ 25, ಅಂದರೆ ಹೆಚ್ಚುಕಡಿಮೆ ಅದೇ ಪಾಲು. ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಿನಿಂದ ಗುಣಿಸಿದ ಕೂಡಲೇ ಆ ಎಂಟು ವರ್ಷಗಳು ನೆರೆಮನೆಯ ಗೆರೆಯ ಮೇಲೆ ಬಂದು ಕೂತವು.

ಅದಕ್ಕಿಂತ ಹೆಚ್ಚು ಕಾಡಿದ್ದು ತಾರೀಕಿನ ವಿಷಯ. ಅರ್ಧ ಮೈಲಿ ಅಂತರದ ಎರಡು ತೋಟಗಳ ದಿನದಿನದ ಮಳೆ ಒಂದಕ್ಕೊಂದು ತಾಳೆಯಾಗದೆ ತಿಂಗಳುಗಟ್ಟಲೆ ಒದ್ದಾಡಿದೆ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ ಅಳೆದ ದಿನದ ಲೆಕ್ಕಕ್ಕೇ ಸೇರುತ್ತದೆ. ಈ ಎರಡರಲ್ಲಿ ಒಂದು ಮನೆಯವರು ಹಾಗೆಯೇ ಬರೆಯುತ್ತಿದ್ದರು, ಇನ್ನೊಂದು ಮನೆಯಲ್ಲಿ ಅಜ್ಜನ ಕಾಲದಿಂದ ‘ನಿನ್ನೆಯ ಮಳೆ’ ಎಂದು ಹಿಂದಿನ ತಾರೀಕಿಗೆ ಬರೆಯುವ ರೂಢಿ. ಒಂದು ಪುಸ್ತಕವನ್ನು ಒಂದು ದಿನ ಸರಿಸಿದಾಗ ಮಳೆ ಬಿದ್ದ ದಿನ, ಬಿಟ್ಟ ದಿನ ಎಲ್ಲವೂ ಹೊಂದಿಕೊಂಡವು. ಹೀಗೆ ಸರಿಪಡಿಸಿದ ಪುಸ್ತಕಗಳು ಒಂದನ್ನೊಂದು ಪರೀಕ್ಷಿಸಬಲ್ಲವು ಎಂದು ಅಂದು ನನಗೆ ಖಾತ್ರಿಯಾಯಿತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಸುತ್ತಲಿನ ತೋಟಗಳಿಂದಲೇ ಕೆಲಸ ಶುರು ಮಾಡಿದ್ದು ಕೂಡ ಪಕ್ಕದಲ್ಲೊಂದು ಗಟ್ಟಿ ಆಧಾರ ಇರಲಿ ಎಂದು.

ಇನ್ನು ಹಬ್ಬದ ದಿನಗಳು. ಜಡಿಮಳೆಯ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಆಚರಿಸುವ ಕಕ್ಕಡ ಹದಿನೆಂಟು ಆಗಸ್ಟ್ 3ಕ್ಕೆ, ನಾಟಿ ಮುಗಿದ ಮೇಲಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಸೆಪ್ಟೆಂಬರ್ 3ಕ್ಕೆ, ತಲಕಾವೇರಿಯ ತುಲಾ ಸಂಕ್ರಮಣ ಅಕ್ಟೋಬರ್ 17ರ ಹೊತ್ತಿಗೆ. ಸೌರಮಾನದ ಈ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಅಲುಗಾಡುವುದಿಲ್ಲವಾದ್ದರಿಂದ ನೆನಪನ್ನು ಕಟ್ಟಿಹಾಕಲು ಇವುಗಳಿಗಿಂತ ಗಟ್ಟಿಯಾದ ಗೂಟ ಬೇರೆ ಸಿಗದು. ಹೊಸ ಭತ್ತದ ಹಬ್ಬವಾದ ಪುತ್ತರಿ ಮಾತ್ರ ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡಿ ಗೊತ್ತಾಗುವುದರಿಂದ ಆಯಾ ವರ್ಷದ ದಿನವನ್ನು ಹುಡುಕಿ ಸೇರಿಸಿಕೊಳ್ಳಬೇಕು. ಮಳೆ ಹೇಗಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ. ಮಗಳ ಮದುವೆಯಾದ ವರ್ಷ ಕೈಲ್‌ಪೊಳ್ದಿನ ಹೊತ್ತಿಗೆ ನಾಟಿ ಮುಗಿದಿತ್ತೇ, ಕೋವಿಯ ಬಾಯಿಗೆ ಸಿಕ್ಕಿಸುವ ತೋಕ್‌ಪೂ ಎಂಬ ಹೂವು ಬೇಲಿಯಲ್ಲೇ ಸಿಕ್ಕಿತೇ, ಪುತ್ತರಿಯ ರಾತ್ರಿ ಕದಿರು ಕುಯ್ಯಲು ಗದ್ದೆಗೆ ಇಳಿದಾಗ ಕಾಲಿಗೆ ಕೆಸರು ಹತ್ತಿತೇ, ಇಂಥವನ್ನೇ ಕೇಳಿದೆ. ಪುತ್ತರಿಯ ಗದ್ದೆಯಲ್ಲಿ ಕೆಸರಿತ್ತು ಎಂದು ಒಬ್ಬ ಅಜ್ಜಿ ಹೇಳಿದ ವರ್ಷದ ಪುಸ್ತಕ ತೆಗೆದರೆ ನವೆಂಬರ್ ಕೊನೆಯ ವಾರದಲ್ಲಿ ಎರಡು ಇಂಚಿಗೂ ಮೀರಿ ಮಳೆ ದಾಖಲಾಗಿತ್ತು. ಇಂಥ ತಾಳೆ ಹತ್ತರಲ್ಲಿ ಆರೇಳು ಸಲ ಸಿಕ್ಕಿತೆಂದು ನನ್ನ ನೆನಪು.

ವರ್ಷದ ಒಟ್ಟು ಮಳೆಯನ್ನು ನೋಡಿದರೆ ನನಗೆ ಸಿಕ್ಕ ಪುಸ್ತಕಗಳಲ್ಲಿ ದೊಡ್ಡ ಇಳಿಕೆಯೇನೂ ಕಾಣಿಸುವುದಿಲ್ಲ. ಕಡಿಮೆಯಾಗಿರುವುದು ದಿನಕ್ಕೆ ಅರ್ಧ, ಮುಕ್ಕಾಲು ಇಂಚಿನಂತೆ ವಾರಗಟ್ಟಲೆ ಹಿಡಿದು ಸುರಿಯುತ್ತಿದ್ದ ಜಡಿಮಳೆಯ ದಿನಗಳು. ಹೆಚ್ಚಿರುವುದು ಜುಲೈನಲ್ಲೂ ಬರುವ ಬಿಸಿಲಿನ ಬಿಡುವು, ಅದರ ಬೆನ್ನಿಗೇ ಒಂದೆರಡು ದಿನದ ಅಬ್ಬರ. ಮೊದಲಿನ ಮಳೆ ಈಗಿಲ್ಲ ಎಂಬ ಮಾತಿನ ಅರ್ಥ ಇಲ್ಲಿದೆ. 2018ರ ಆಗಸ್ಟ್ ಪುಟದಲ್ಲಿ ಒಂದು ಮನೆಯವರು ಅಂಕಿಯನ್ನೇ ಬರೆದಿಲ್ಲ, ಗೇಜು ತುಂಬಿ ಚೆಲ್ಲಿದೆ ಎಂದಷ್ಟೇ ಬರೆದಿದ್ದಾರೆ. ಅತಿ ದೊಡ್ಡ ಮಳೆಗಳೇ ಪುಸ್ತಕದಲ್ಲಿ ಅತಿ ಕಡಿಮೆಯಾಗಿ ದಾಖಲಾಗುತ್ತವೆ ಎಂಬುದನ್ನು ಈ ವಿಧಾನ ಹಿಡಿಯುವವರು ಮರೆಯಬಾರದು. 2021ರ ಜನವರಿಯ ಅಕಾಲ ಮಳೆಯಂತೂ ಹಣ್ಣು ಇನ್ನೂ ಗಿಡದಲ್ಲಿರುವಾಗ, ಕಣದಲ್ಲಿ ಕಾಫಿ ಒಣಗುತ್ತಿರುವಾಗ ಬಿತ್ತು. ಆದರೆ ಬದಲಾದದ್ದೆಲ್ಲವನ್ನೂ ಹವಾಮಾನದ ಲೆಕ್ಕಕ್ಕೆ ಬರೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಗದ್ದೆಗಳು ಪಾಳು ಬಿದ್ದು, ಪುತ್ತರಿಯ ಕದಿರಿಗೆಂದು ಮಾತ್ರ ಒಂದು ಚೂರು ಭತ್ತ ಬೆಳೆಯುವ ಮನೆಗಳಲ್ಲಿ ಆಳಿನ ಕೊರತೆ, ಆನೆ ಕಾಟ, ಶುಂಠಿಯ ಹಣ ಇವು ಮಳೆಗಿಂತ ಮೊದಲು ಬಂದ ಕಾರಣಗಳು. ಪುಸ್ತಕ ಪಕ್ಕದಲ್ಲಿರುವುದರಿಂದಲೇ ಇದನ್ನು ಬೇರ್ಪಡಿಸಿ ಹೇಳಲು ಸಾಧ್ಯವಾಯಿತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಕಕ್ಕಡಕ್ಕೆ ಮುನ್ನ ಮನೆಯವರು ಎಷ್ಟು ಸೌದೆ ಕೂಡಿಡುತ್ತಾರೆ ಎಂಬುದು ಅವರು ನಿರೀಕ್ಷಿಸುವ ಮಳೆಯ ಅಳತೆಯಾದೀತು ಎಂದು ಕೆಲವು ಮನೆಗಳ ಸೌದೆ ಕೊಟ್ಟಿಗೆಗಳನ್ನು ಟೇಪ್ ಹಿಡಿದು ಅಳೆದೆ. ಅಡುಗೆ ಅನಿಲ ಬಂದ ಮನೆಗಳಲ್ಲಿ ಅದಕ್ಕೆ ಅರ್ಥ ಉಳಿದಿಲ್ಲ. ಕಕ್ಕಡ ಹದಿನೆಂಟರಂದು ಮಾಡುವ ಮದ್ದ್‌ತೊಪ್ಪಿನ (ಮದ್ದಿನ ಸೊಪ್ಪಿನ) ಪಾಯಸದ ಬಣ್ಣವನ್ನು ಫೋಟೋಗಳಲ್ಲಿ ಹೋಲಿಸಲು ಹೋದದ್ದು ಬೆಳಕಿನ ವ್ಯತ್ಯಾಸದಿಂದ ಕೈಗೂಡಲಿಲ್ಲ. ತೋಕ್‌ಪೂ ಅರಳುವ ದಿನದ ಲೆಕ್ಕವನ್ನು ಮಾತ್ರ ಬಿಟ್ಟಿಲ್ಲ.

ಹಣದ ಮಾತು ಹೇಳಲೇಬೇಕು. ಮೂರ್ನಾಲ್ಕು ವರ್ಷಗಳಲ್ಲಿ ಒಟ್ಟು ಎರಡೂವರೆ ಲಕ್ಷ ಮುಟ್ಟಿರಬಹುದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಕೈಯಿಂದಲೇ ಹೋಯಿತು, ಅನುದಾನದ ಎರಡನೆಯ ಕಂತು ಇಂದಿಗೂ ಬಂದಿಲ್ಲ. ವಾರಾಂತ್ಯದಲ್ಲಿ ಹೋಂಸ್ಟೇ ಕೋಣೆಗೆ ಮೂರು ಸಾವಿರ ಕೇಳುವ ಊರಿನಲ್ಲಿ ಸೋಮವಾರದಿಂದ ಗುರುವಾರದವರೆಗೆ ಮಾತ್ರ ಕೆಲಸ ಇಟ್ಟುಕೊಂಡು, ವಿರಾಜಪೇಟೆಯಲ್ಲಿ ಐದಾರು ನೂರರ ಲಾಡ್ಜಿನಲ್ಲಿ ಉಳಿದೆ. ಹಳೆಯ ಬೈಕಿನ ರಿಪೇರಿ ಪೆಟ್ರೋಲಿಗಿಂತ ಹೆಚ್ಚು ನುಂಗಿತು. ಸ್ಕ್ಯಾನರ್‌ಗೆ ಬೂಷ್ಟು ಹಿಡಿದ ಮೇಲೆ ಫೋನಿನಲ್ಲೇ ಪುಟಗಳನ್ನು ತೆಗೆದೆ, ಅದೇ ಉತ್ತಮ.

ಮನೆಯವರು ಮಳೆ ಪುಸ್ತಕವನ್ನು ಬೀರುವಿನಿಂದ ಹೊರತೆಗೆಯುವಂತೆ ಮಾಡುವುದು ಹೇಗೆ, ಯಾವ ಪುಟದಿಂದ ಮಾತು ಶುರು ಮಾಡಬೇಕು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆ ಮನೆಗಳಿಗೂ ನನಗೂ ನಡುವಿನ ನಂಬಿಕೆ. ಪ್ರತಿ ಮನೆಗೂ ಅವರ ಪುಸ್ತಕದ ತಿಂಗಳುವಾರು ಪಟ್ಟಿಯನ್ನು ಟೈಪ್ ಮಾಡಿ, ಬೈಂಡ್ ಹಾಕಿಸಿ ಹಿಂದಿರುಗಿಸುತ್ತೇನೆ, ಪ್ರತಿಗೆ ಇನ್ನೂರು ರೂಪಾಯಿ ಬೀಳುತ್ತದೆ. ಈ ಮಳೆಗಾಲಕ್ಕೆ ಭಾಗಮಂಡಲದ ಕಡೆಯ ಅರೆಭಾಷೆ ಮಾತಾಡುವ ಗೌಡರ ಮನೆಗಳಿಂದ ಪುಸ್ತಕಗಳು ಬರತೊಡಗಿವೆ, ಅವುಗಳಲ್ಲಿ ಒಂದು 1950ರ ದಶಕದಿಂದ ಶುರುವಾಗುತ್ತದೆ.