ನೆಹೆಮೀಯನ ಗ್ರಂಥದಿಂದ ನಾಯಕತ್ವವನ್ನು ಕಲಿಯುವ ಬಗೆ

ಕ್ರೈಸ್ತ ಸಭೆಯ ಹಿರಿಯರಾಗಿಯೋ ಯುವಜನ ಸಂಘದ ಕಾರ್ಯದರ್ಶಿಯಾಗಿಯೋ ಹೊಣೆ ಹೊತ್ತವರು ಸತ್ಯವೇದದಿಂದ (ಬೈಬಲಿನಿಂದ) ನಾಯಕತ್ವವನ್ನು ಕಲಿಯಬೇಕಾದರೆ, ಅಲ್ಲೊಂದು ಇಲ್ಲೊಂದು ವಚನವನ್ನು ಆರಿಸಿಕೊಳ್ಳುವುದನ್ನು ಬಿಟ್ಟು, ಒಬ್ಬ ನಾಯಕನ ವೃತ್ತಾಂತವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಇದಕ್ಕೆ, ಯೆರೂಸಲೇಮಿನ ಬಿದ್ದುಹೋದ ಗೋಡೆಯನ್ನು ಮತ್ತೆ ಕಟ್ಟಿಸಿದ ಯೆಹೂದ್ಯ ನಾಯಕ ನೆಹೆಮೀಯನ ಗ್ರಂಥ ಬಹಳ ಸೂಕ್ತವಾದುದು; ಇದು ಹಳೆಯ ಒಡಂಬಡಿಕೆಯಲ್ಲಿದೆ. 13 ಅಧ್ಯಾಯಗಳ ಈ ಗ್ರಂಥದ ಹೆಚ್ಚಿನ ಭಾಗ ಅವನದೇ ಮಾತಿನಲ್ಲಿರುವುದರಿಂದ, ಒಂದೇ ಬಾರಿಗೆ ಕುಳಿತು ಓದಿ ಮುಗಿಸಿರಿ.

ಎರಡನೆಯ ಓದಿನಲ್ಲಿ, ಅವನು ಬಾಯಿ ತೆರೆಯುವ ಮೊದಲು ಏನು ಮಾಡಿದನೆಂಬುದನ್ನು ಗುರುತಿಸಿಕೊಳ್ಳಿರಿ. ಪರ್ಷಿಯದ ಅರಸನಾದ ಅರ್ತಷಸ್ತನ ಪಾನಸೇವಕನಾಗಿ ಶೂಷನ್ ಕೋಟೆಯಲ್ಲಿದ್ದ ಅವನಿಗೆ ಯೆರೂಸಲೇಮಿನ ಗೋಡೆ ಬಿದ್ದಿರುವ ಸುದ್ದಿ ಕಿಸ್ಲೇವ್ ತಿಂಗಳಲ್ಲಿ (ನವೆಂಬರ್-ಡಿಸೆಂಬರ್) ತಲುಪಿತು. ಅರಸನ ಮುಂದೆ ಅವನು ಅದನ್ನು ಹೇಳಿಕೊಂಡದ್ದು ನೀಸಾನ್ ತಿಂಗಳಲ್ಲಿ (ಮಾರ್ಚ್-ಏಪ್ರಿಲ್). ನಡುವಿನ ತಿಂಗಳುಗಳಲ್ಲಿ ಅವನು ಉಪವಾಸವಿದ್ದು ಪ್ರಾರ್ಥಿಸಿದನು, ಜನರ ಪಾಪದಲ್ಲಿ ತನ್ನನ್ನೂ ಸೇರಿಸಿಕೊಂಡನು. ಆದರೂ ಅರಸನು ಕೇಳಿದಾಗ, ಅಧಿಪತಿಗಳಿಗೆ ಪತ್ರಗಳು ಬೇಕು, ತೊಲೆಗಳಿಗೆ ಮರ ಬೇಕು ಎಂದು ಸ್ಪಷ್ಟವಾಗಿ ಹೇಳಲು ಅವನು ಸಿದ್ಧನಾಗಿದ್ದನು. ಅರಸನ ಅನುಮತಿ ಪಡೆದು ಯೆರೂಸಲೇಮನ್ನು ಸೇರಿದ ಮೇಲೂ ಯಾರಿಗೂ ತಿಳಿಸದೆ, ಕೆಲವರನ್ನು ಮಾತ್ರ ಕರೆದುಕೊಂಡು ರಾತ್ರಿಯಲ್ಲಿ ಗೋಡೆಯನ್ನು ನೋಡಿ ಬಂದನು.

ಗೋಡೆ ಕಟ್ಟಿದವರ ಹೆಸರುಗಳೇ ತುಂಬಿದ ಮೂರನೆಯ ಅಧ್ಯಾಯವನ್ನು ಬಹಳ ಮಂದಿ ದಾಟಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಯಾಜಕರು, ಅಕ್ಕಸಾಲಿಗರು, ಸುಗಂಧದ್ರವ್ಯ ತಯಾರಿಸುವವರು, ಶಲ್ಲೂಮನ ಹೆಣ್ಣುಮಕ್ಕಳು ಎಲ್ಲರೂ ಅಲ್ಲಿದ್ದಾರೆ. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ತೆಕೋವ ಎಂಬ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲವೆಂಬುದೂ ಅಲ್ಲೇ ದಾಖಲಾಗಿದೆ. ನಿಮ್ಮ ಸಭೆಯಲ್ಲಿ ಸದ್ದಿಲ್ಲದೆ ದುಡಿಯುವವರ ಹೆಸರುಗಳನ್ನು ಇದೇ ರೀತಿ ಬರೆದು ನೋಡಿರಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಐದನೆಯ ಅಧ್ಯಾಯದಲ್ಲಿ. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟವರು, ಅರಸನ ತೆರಿಗೆಗಾಗಿ ಸಾಲ ಮಾಡಿದವರು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಬೇಕಾಗಿ ಬಂದವರು ಗೋಳಿಟ್ಟಾಗ ಅವನು ಕಡುಕೋಪಗೊಂಡನು. ಆದರೂ ಮನಸ್ಸಿನಲ್ಲೇ ಆಲೋಚಿಸಿ, ಆಮೇಲೆ ಶ್ರೀಮಂತರನ್ನು ಗದರಿಸಿ, ಅವರ ವಿರುದ್ಧ ದೊಡ್ಡ ಸಭೆಯನ್ನೇ ಸೇರಿಸಿದನು. ತಾನೂ ತನ್ನ ಸಹೋದರರೂ ಸಾಲ ಕೊಟ್ಟಿರುವುದನ್ನು ಅಲ್ಲಿ ಮರೆಮಾಚಲಿಲ್ಲ. ಯೆಹೂದ ನಾಡಿನ ಅಧಿಪತಿಯಾಗಿ ತನಗೆ ಸಲ್ಲಬೇಕಾದ ಆಹಾರಭತ್ಯವನ್ನು 12 ವರ್ಷ ಮುಟ್ಟದೆ, ತನ್ನ ಮೇಜಿನಲ್ಲಿ 150 ಮಂದಿ ಯೆಹೂದ್ಯರಿಗೆ ಊಟವಿಟ್ಟನು. ಗೋಡೆ 52 ದಿನಗಳಲ್ಲಿ ಮುಗಿದದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಅವನ ನಾಯಕತ್ವದ ನಿಜವಾದ ಪರೀಕ್ಷೆ ನಡೆದದ್ದು ಈ ಹಣದ ವಿಷಯದಲ್ಲಿ.

ಅವನು ಮಾಡಿದ್ದೆಲ್ಲವನ್ನೂ ಅನುಕರಿಸಬೇಕೆಂದಿಲ್ಲ. ಕೊನೆಯ ಅಧ್ಯಾಯದಲ್ಲಿ ಅವನು ಕೆಲವರನ್ನು ಹೊಡೆದು, ಅವರ ಕೂದಲನ್ನು ಕಿತ್ತನು. ಇಂಥ ಕಡೆ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟು, ಶಿಷ್ಯರ ಕಾಲುಗಳನ್ನು ತೊಳೆದ ಯೇಸುವಿನ ನಡತೆಯಿಂದ ಅದನ್ನು ಅಳೆಯಿರಿ.

ಓದಿದ್ದನ್ನು ಮುಂದಿನ ಸಮಿತಿ ಸಭೆಯಲ್ಲಿ ಬಳಸಬೇಕಾದರೆ, ಕಾರ್ಯಸೂಚಿಯಲ್ಲಿ ಹಣಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಆರಿಸಿಕೊಂಡು, ಅದರ ಭಾರ ಯಾವ ಕುಟುಂಬಗಳ ಮೇಲೆ ಬೀಳುತ್ತದೆಂದು ಆ ಕುಟುಂಬದವರನ್ನೇ ಮೊದಲು ಭೇಟಿಯಾಗಿ ಕೇಳಿರಿ. ನಿಮಗೆ ಸಲ್ಲುವ ಯಾವ ಸೌಲಭ್ಯವನ್ನು ಬಿಟ್ಟುಕೊಡಬಲ್ಲಿರೆಂದು ಬರೆದುಕೊಂಡು, ಸಭೆಯಲ್ಲಿ ಅದನ್ನೇ ಮೊದಲು ಹೇಳಿರಿ.