ಸ್ವಿಚ್‌ನ ಪವರ್ ಸಪ್ಲೈ ಬದಲಿಸುವ ಮುನ್ನ ಪಕ್ಕದ್ದನ್ನು ನೋಡಿ

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯಾಗಲಿ, ಕೋಲಾರದ ಕಾಲೇಜಾಗಲಿ, ನೂರಾರು ಕಂಪ್ಯೂಟರ್‌ಗಳಿರುವ ಕಡೆ ರ‍್ಯಾಕ್‌ನಲ್ಲಿ ಕೂತ ದೊಡ್ಡ ನೆಟ್‌ವರ್ಕ್ ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಸಾಮಾನ್ಯವಾಗಿ ಎರಡು ಪವರ್ ಸಪ್ಲೈ, ಅಂದರೆ ಅದಕ್ಕೆ ಕರೆಂಟ್ ಒದಗಿಸುವ ಘಟಕಗಳು, ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ಹೊರೆ ಹೊರುತ್ತದೆ. ಸ್ವಿಚ್ ಆರಿಸದೆಯೇ ಕೆಟ್ಟದ್ದನ್ನು ಕಳಚಿ ಹೊಸದನ್ನು ಕೂರಿಸಬಹುದು. ಇದಕ್ಕೆ ಹಾಟ್ ಸ್ವಾಪ್ ಎನ್ನುತ್ತಾರೆ. ಕೆಲಸ ಐದು ನಿಮಿಷದ್ದು. ಆದರೆ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನು ಎಳೆದರೆ ಇಡೀ ಕಟ್ಟಡದ ನೆಟ್‌ವರ್ಕ್ ಮಲಗುತ್ತದೆ. ಆದ್ದರಿಂದ ಕೆಟ್ಟದ್ದಕ್ಕೆ ಕೈ ಹಾಕುವ ಮುಂಚೆ ಪಕ್ಕದ್ದರ ಆರೋಗ್ಯ ವಿಚಾರಿಸಬೇಕು.

ನಿಜಕ್ಕೂ ಕೆಟ್ಟಿದೆಯೇ?

ಹೆಚ್ಚಿನ ಸಪ್ಲೈಗಳ ಮೇಲೆ ಎರಡು ಪುಟ್ಟ ದೀಪಗಳಿರುತ್ತವೆ. ಒಂದು ಕರೆಂಟ್ ಒಳಗೆ ಬರುತ್ತಿದೆ ಎನ್ನಲು, ಇನ್ನೊಂದು ಸಪ್ಲೈ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನಲು. ಮೊದಲನೆಯದು ಹಸಿರು, ಎರಡನೆಯದು ಕೆಂಪು ಅಥವಾ ಕಿತ್ತಳೆ ಬಣ್ಣಕ್ಕಿದ್ದರೆ ದೋಷ ಸಪ್ಲೈಯದೇ. ಎರಡೂ ಆರಿದ್ದರೆ ಸಪ್ಲೈಯನ್ನು ದೂರುವ ಮೊದಲು ಕೇಬಲ್, ಸಾಕೆಟ್, ಎಂಸಿಬಿ ನೋಡಿ. ಸಾಕೆಟ್ ಪರೀಕ್ಷೆಗೆ ಮಲ್ಟಿಮೀಟರ್ ಬಳಸಿ. ಚೆನ್ನಾಗಿರುವ ಸಪ್ಲೈಯ ಕೇಬಲ್ ಕಿತ್ತು ಅದಲು ಬದಲು ಮಾಡಿ ನೋಡುವ ಚಾಳಿ ಬೇಡವೇ ಬೇಡ.

ಸಿಸ್ಕೋ ಕಂಪನಿಯ ಸ್ವಿಚ್ ಆದರೆ ಲಾಗಿನ್ ಆಗಿ ‘ಶೋ ಎನ್ವಿರಾನ್ಮೆಂಟ್ ಪವರ್’ ಎಂಬ ಆದೇಶ ಕೊಟ್ಟು ಎರಡೂ ಸಪ್ಲೈಗಳ ಸ್ಥಿತಿ ಓದಿ. ಪರದೆ ಹೇಳುವ ಎ, ಬಿ ಹೆಸರನ್ನು ಹಿಂಬದಿಯಲ್ಲಿ ಅಚ್ಚಾದ ಹೆಸರಿಗೆ ಹೊಂದಿಸಿ. ಎಡ, ಬಲ ಎಂಬ ಲೆಕ್ಕ ನಂಬಬೇಡಿ: ಮುಂದೆ ನಿಂತಾಗ ಎಡಕ್ಕಿದ್ದದ್ದು ಹಿಂದೆ ಹೋದಾಗ ಬಲಕ್ಕೆ ಬಂದಿರುತ್ತದೆ.

ಕ್ಯಾಮೆರಾ, ಐಪಿ ಫೋನ್‌ಗಳಿಗೆ ನೆಟ್‌ವರ್ಕ್ ಕೇಬಲ್ ಮೂಲಕ ಸ್ವಿಚ್ಚೇ ಕರೆಂಟ್ ಕೊಡುತ್ತಿದ್ದರೆ ಇನ್ನೊಂದು ಲೆಕ್ಕವಿದೆ. ಪೋರ್ಟ್‌ಗೆ (ಕೇಬಲ್ ಸಿಕ್ಕಿಸುವ ಕಿಂಡಿ) 30 ವಾಟ್‌ನಂತೆ 24 ಪೋರ್ಟ್‌ಗೆ 720 ವಾಟ್ ಬೇಕು. 715 ವಾಟ್‌ನ ಒಂದೇ ಸಪ್ಲೈಗೆ ಅದು ಎಟುಕದು; ಸ್ವಿಚ್ ತನಗೆ ಬೇಕಾದದ್ದನ್ನು ಮೊದಲು ತೆಗೆದಿಟ್ಟುಕೊಂಡು ಉಳಿದದ್ದನ್ನಷ್ಟೇ ಹಂಚುತ್ತದೆ. ಎರಡೂ ಸೇರಿ ಹೊರೆ ಹೊರುತ್ತಿದ್ದಲ್ಲಿ ಒಂದನ್ನು ತೆಗೆದ ಕೂಡಲೇ ಕೆಲವು ಕ್ಯಾಮೆರಾಗಳು ಕಣ್ಣು ಮುಚ್ಚಬಹುದು. ಸೆಕ್ಯುರಿಟಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಬಿಡಿಭಾಗ ಕೈಗೆ ಬರುವವರೆಗೆ

ಹೊಸ ಸಪ್ಲೈ ಬೆಂಗಳೂರಿನಿಂದ ಬರಬೇಕಿದ್ದರೆ ಅದು ಬರುವ ತನಕ ಕೆಟ್ಟದ್ದನ್ನು ಅಲ್ಲೇ ಬಿಡಿ. ಖಾಲಿ ಗೂಡಿನ ಮೂಲಕ ಗಾಳಿ ಅಡ್ಡದಾರಿ ಹಿಡಿದರೆ ಒಳಗಿನ ಚಿಪ್‌ಗಳಿಗೆ ತಂಪು ಸಿಗುವುದಿಲ್ಲ. ತೆಗೆಯಲೇಬೇಕಾದರೆ ಖಾಲಿ ಮುಚ್ಚಳ ಹಾಕಿ. ಚಿಕ್ಕಬಳ್ಳಾಪುರದ ಕಡೆ ಕಲ್ಲು ಕ್ರಷರ್‌ಗಳ ಹತ್ತಿರ ಇರುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ತೆರೆದ ಗೂಡು ದೂಳನ್ನು ನೇರವಾಗಿ ಕನೆಕ್ಟರ್ ಮೇಲೆ ಕೂರಿಸುತ್ತದೆ.

ಬಂದದ್ದು ನಿಮಗೆ ಬೇಕಾದದ್ದೇ ಎಂದು ಪೆಟ್ಟಿಗೆ ಒಡೆದೊಡನೆ ನೋಡಿ. ಮಾದರಿ ಸಂಖ್ಯೆ, ವಾಟ್, ಎಸಿಯೋ ಡಿಸಿಯೋ ಎಂಬುದರ ಜೊತೆ ಹಲವರು ಮರೆಯುವುದು ಗಾಳಿಯ ದಿಕ್ಕು. ಡೇಟಾ ಸೆಂಟರ್ ಸ್ವಿಚ್‌ಗಳಲ್ಲಿ ಒಂದೇ ಗಾತ್ರದ ಸಪ್ಲೈ ಎರಡು ಬಗೆಯಲ್ಲಿ ಬರುತ್ತದೆ: ಪೋರ್ಟ್ ಕಡೆಯಿಂದ ಗಾಳಿ ಎಳೆಯುವುದು, ಪೋರ್ಟ್ ಕಡೆಗೆ ಊದುವುದು. ಸಿಸ್ಕೋದ ನೆಕ್ಸಸ್ ಸರಣಿಯ ಸ್ವಿಚ್‌ಗಳಲ್ಲಿ ಹಿಡಿಯ ಗುರುತು ಮೊದಲನೆಯದಕ್ಕೆ ಕಡುಗೆಂಪು, ಎರಡನೆಯದಕ್ಕೆ ನೀಲಿ. ಫ್ಯಾನ್‌ಗಳದ್ದೂ ಅದೇ ಬಣ್ಣವಿರಬೇಕು. ತಪ್ಪು ದಿಕ್ಕಿನದು ಗೂಡಿನೊಳಗೆ ಸಲೀಸಾಗಿ ಕೂರುತ್ತದೆ, ಆಮೇಲೆ ಸ್ವಿಚ್ ಬಿಸಿಯಾಗಿ ಆರಿಹೋಗುತ್ತದೆ.

ಕಳಚುವುದು

ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತ್ ಪಟ್ಟಿಯನ್ನು ಕೈಗೆ ಕಟ್ಟಿ, ಅದರ ಕ್ಲಿಪ್ಪನ್ನು ರ‍್ಯಾಕ್‌ನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಕೇಬಲನ್ನು ಸಪ್ಲೈಯಿಂದ ಗೋಡೆಯ ತನಕ ಬೆರಳಲ್ಲಿ ಸವರುತ್ತಾ ಹೋಗಿ, ಇದೇ ಸಾಕೆಟ್ ಎಂದು ಖಾತ್ರಿಯಾದ ಮೇಲೆ ಗುಂಡಿ ಆರಿಸಿ. ಕೇಬಲ್ ಹಿಡಿದಿಡುವ ಕ್ಲಿಪ್ ಸಡಿಲಿಸಿ, ಕೇಬಲ್ ಕೀಳಿ. ದೀಪಗಳು ಆರಲಿ. ಬಳಿಕ ಸಪ್ಲೈಯನ್ನು ಹಿಡಿದಿಡುವ ಚಿಲಕವನ್ನು ಹಿಡಿಯ ಕಡೆಗೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ, ಇನ್ನೊಂದು ಕೈ ಕೆಳಗೆ ಕೊಡಿ. ಲೋಹದ ಮೈ ಬಿಸಿ ಇರುತ್ತದೆ. ಬಾರದಿದ್ದರೆ ಅಲ್ಲಾಡಿಸಿ ಕೀಳಬೇಡಿ. ಕೆಲವು ಮಾದರಿಗಳಲ್ಲಿ ಚಿಲಕದ ಜೊತೆ ಒಂದು ಸ್ಕ್ರೂ ಕೂಡ ಇರುತ್ತದೆ.

ಕೂರಿಸುವುದು

ಮೊದಲು ಸಪ್ಲೈ, ಆಮೇಲೆ ಕೇಬಲ್, ಕೊನೆಗೆ ಗುಂಡಿ. ಈ ಕ್ರಮ ತಿರುಗಿಸಿದರೆ ಕರೆಂಟ್ ಹರಿಯುತ್ತಿರುವ ಸಪ್ಲೈಯನ್ನು ಗೂಡಿಗೆ ನೂಕಿದಂತಾಗುತ್ತದೆ. ಕನೆಕ್ಟರ್‌ನಲ್ಲಿ ಕಿಡಿ ಹಾರಬಹುದು. ಹಿಂದಿನ ಪಿನ್‌ಗಳು ಬಗ್ಗಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ, ಟಕ್ ಎನ್ನುವವರೆಗೆ ಒಂದೇ ಸಮನೆ ನೂಕಿ. ಗುದ್ದಬೇಡಿ. ಚಿಲಕ ಮುಟ್ಟದೆ ಹಿಡಿಯನ್ನೊಮ್ಮೆ ಎಳೆದು ನೋಡಿ, ಜರುಗಬಾರದು.

ಕಂಪ್ಯೂಟರ್ ಅಂಗಡಿಯ ಸಾಮಾನ್ಯ ಕೇಬಲ್ ತುದಿ ಸಿ13. ಹಲವು ಸ್ವಿಚ್‌ಗಳಿಗೆ ಬೇಕಾದದ್ದು ಕಚ್ಚು ಇರುವ, ಹೆಚ್ಚು ಬಿಸಿ ತಾಳುವ ಸಿ15. ಕಚ್ಚಿಲ್ಲದ್ದು ಅಂಥ ಸಪ್ಲೈಯಲ್ಲಿ ಕೂರದು. ಕಚ್ಚನ್ನು ಚಾಕುವಿನಿಂದ ಕೆತ್ತಿಕೊಳ್ಳುವ ಜಾಣ್ಮೆಯೂ ನಮ್ಮಲ್ಲಿ ಉಂಟು. ಪ್ಲಾಸ್ಟಿಕ್ ಕರಗಿದಾಗ ಅದರ ಬೆಲೆ ತಿಳಿಯುತ್ತದೆ. ದೊಡ್ಡ ಸಪ್ಲೈಗಳ ಸಿ19 ತುದಿಗೆ 16 ಆಂಪಿಯರ್ ಸಾಕೆಟ್ ಬೇಕು.

ಎರಡೂ ದೀಪ ಹಸಿರಾದ ಮೇಲೆ ಮತ್ತೆ ಲಾಗಿನ್ ಆಗಿ ಸ್ಥಿತಿ ಓದಿ. ಹೊರೆ ಎರಡರ ಮೇಲೂ ಹಂಚಿಕೆಯಾಗಿರಬೇಕು.

48 ವೋಲ್ಟ್ ಇದ್ದಲ್ಲಿ

ಟೆಲಿಫೋನ್ ಎಕ್ಸ್‌ಚೇಂಜ್, ಟವರ್ ಜಾಗಗಳಲ್ಲಿ ಮೈನಸ್ 48 ವೋಲ್ಟ್ ಡಿಸಿ ಇರುತ್ತದೆ. ಅಲ್ಲಿ ಅರ್ತ್ ಆಗಿರುವುದು ಪಾಸಿಟಿವ್. ಬ್ರೇಕರ್ ಇಳಿಸಿ, ಯಾರೂ ಮೇಲೆತ್ತದಂತೆ ಟೇಪ್ ಸುತ್ತಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆ ಕೈ ಹಾಕಿ. ಜೋಡಿಸುವಾಗ ಅರ್ತ್, ಪಾಸಿಟಿವ್, ನೆಗೆಟಿವ್. ಬಿಚ್ಚುವಾಗ ನೆಗೆಟಿವ್, ಪಾಸಿಟಿವ್, ಕೊನೆಗೆ ಅರ್ತ್. ತಂತಿಯ ಬಣ್ಣ ನಂಬಬೇಡಿ, ಮೀಟರ್ ನಂಬಿ.

ಹೊಸದೂ ಬೇಗ ಕೆಟ್ಟರೆ

ಎರಡು ಸಪ್ಲೈಗಳ ಕೇಬಲ್‌ಗಳೂ ಒಂದೇ ಯುಪಿಎಸ್‌ನ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹೋಗಿದ್ದರೆ ಎರಡಿದ್ದೂ ಒಂದೇ. ಬೇರೆ ಬೇರೆ ಎಂಸಿಬಿ, ಸಾಧ್ಯವಾದರೆ ಬೇರೆ ಬೇರೆ ಯುಪಿಎಸ್ ಇರಲಿ. ಪ್ರತಿ ಯುಪಿಎಸ್ ಮೇಲಿನ ಹೊರೆ ಅದರ ಸಾಮರ್ಥ್ಯದ ಅರ್ಧದೊಳಗಿರಬೇಕು. ಒಂದು ಕೈಕೊಟ್ಟಾಗ ಪೂರ್ತಿ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ.

ವೋಲ್ಟೇಜ್ ಇಳಿತವನ್ನೂ ನೋಡಿ. 100ರಿಂದ 240 ವೋಲ್ಟ್ ಎಂದು ಬರೆದ ಸಪ್ಲೈ 170ರಲ್ಲೂ ಓಡುತ್ತದೆ, ಆದರೆ 700 ವಾಟ್ ಹೊರೆಗೆ 230 ವೋಲ್ಟ್‌ನಲ್ಲಿ ಎಳೆಯುವ 3 ಆಂಪಿಯರ್ ಬದಲು 4ಕ್ಕೂ ಹೆಚ್ಚು ಎಳೆಯುತ್ತದೆ. ಸಡಿಲ ಸಾಕೆಟ್ ಬಿಸಿಯಾಗಿ ಸುಡುವುದು ಆಗಲೇ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಒಮ್ಮೆ ಅಳೆದು ನೋಡಿ.

ಪಾವಗಡ, ಗುಡಿಬಂಡೆಯಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಅರ್ತ್ ಗುಂಡಿಯ ಮಣ್ಣು ಒಣಗಿ ಅರ್ತ್ ದುರ್ಬಲವಾಗುತ್ತದೆ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೂರು ವೋಲ್ಟ್ ಮೀರಿದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಗುಂಡಿಗೆ ನೀರು ಬೀಳುತ್ತಿದೆಯೇ ಕೇಳಿ.

ಕಳಚಿದ ಸಪ್ಲೈಯನ್ನು ಬಿಚ್ಚಿ ರಿಪೇರಿಗೆ ಕೂರಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 400 ವೋಲ್ಟ್‌ನಷ್ಟು ಉಳಿದಿರಬಹುದು, ವಾರಂಟಿಯೂ ಹೋಗುತ್ತದೆ. ‘ಕೆಟ್ಟಿದೆ’ ಎಂಬ ಚೀಟಿಯನ್ನು ದಿನಾಂಕ ಸಹಿತ ಅಂಟಿಸಿ, ಸೀರಿಯಲ್ ನಂಬರ್ ರಿಜಿಸ್ಟರ್‌ಗೆ ಏರಿಸಿ, ಹೊಸದು ಬಂದ ಪೆಟ್ಟಿಗೆಯಲ್ಲೇ ವಾಪಸ್ ಕಳಿಸಿ.