ಬೇಲಿಫ್ ಬಂದರೆ ‘ಬನ್ನಿ ಒಳಗೆ’ ಅನ್ನಬೇಡಿ

ಬಾಗಿಲಿಗೆ ಯಾರೇ ಬರಲಿ, ನಮ್ಮವರ ಬಾಯಿಗೆ ಮೊದಲು ಬರುವುದು ‘ಬನ್ನಿ ಒಳಗೆ’. ಇಂಗ್ಲೆಂಡಿನಲ್ಲಿ ಮಗನ ಮನೆಗೆ ಹೋಗಿದ್ದ ಹಾಸನದ ಅಮ್ಮ ಒಬ್ಬರು ಮಾಡಿದ್ದೂ ಅದನ್ನೇ. ಮಗ ಮಹಡಿ ಮೇಲೆ ಆಫೀಸ್ ಮೀಟಿಂಗ್‌ನಲ್ಲಿದ್ದ. ಬೆಲ್ ಆಯಿತು. ಕಪ್ಪು ಜಾಕೆಟ್, ಎದೆ ಮೇಲೊಂದು ಪುಟ್ಟ ಕ್ಯಾಮೆರಾ, ಕೈಯಲ್ಲಿ ಟ್ಯಾಬ್ ಹಿಡಿದ ಮನುಷ್ಯ. ಅಮ್ಮನಿಗೆ ಬರುವ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ‘ಕಮ್, ಕಮ್’ ಕೂಡ ಒಂದು. ಮಗ ಮೆಟ್ಟಿಲಿಳಿದು ಬರುವಷ್ಟರಲ್ಲಿ ಆತ ಹಾಲ್‌ನಲ್ಲಿ ನಿಂತು ಟಿವಿ, ಸೋಫಾ, ಗೋಡೆಗೆ ಒರಗಿಸಿದ್ದ ಸೈಕಲ್ ಎಲ್ಲವನ್ನೂ ಪಟ್ಟಿ ಮಾಡುತ್ತಿದ್ದ. ಅಮ್ಮ ಅಡುಗೆಮನೆಯಲ್ಲಿ ಕಾಫಿಗೆ ಹಾಲಿಟ್ಟಿದ್ದರು.

ಬಂದವನು ಬೇಲಿಫ್. ನಮ್ಮೂರಿನ ಕೋರ್ಟ್ ಅಮೀನರನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅದೇ ಕೆಲಸ. ಆದರೆ ಈತ ಸಾಮಾನ್ಯವಾಗಿ ಕೌನ್ಸಿಲ್ (ನಮ್ಮ ನಗರಸಭೆಯಂಥ ಅಲ್ಲಿನ ಸ್ಥಳೀಯ ಆಡಳಿತ) ನೇಮಿಸಿದ ಖಾಸಗಿ ಕಂಪನಿಯವನು. 2014ರಿಂದ ಕಾನೂನಿನಲ್ಲಿ ಇವರ ಹೆಸರು ‘ಎನ್‌ಫೋರ್ಸ್‌ಮೆಂಟ್ ಏಜೆಂಟ್’. ಜನ ಈಗಲೂ ಬೇಲಿಫ್ ಅಂತಲೇ ಕರೆಯುತ್ತಾರೆ. ಬಾಕಿ ಇದ್ದದ್ದು ಕೌನ್ಸಿಲ್ ಟ್ಯಾಕ್ಸ್, ಅಂದರೆ ಕೌನ್ಸಿಲ್‌ಗೆ ಕಟ್ಟುವ ಮನೆ ತೆರಿಗೆ.

ಮಗ ಓದಲೋ ಕೆಲಸಕ್ಕೋ ಹೋದ ಮನೆಗಳು ನಮ್ಮಲ್ಲಿ ಈಗ ಎಷ್ಟೋ ಇವೆ. ಅವರಿಗೆ, ಅವರನ್ನು ನೋಡಿಕೊಂಡು ಬರಲು ಹೋಗುವ ಅಪ್ಪ ಅಮ್ಮಂದಿರಿಗೆ ಈ ಲೇಖನ. ಇಲ್ಲಿ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ನಿಯಮ. ಸ್ಕಾಟ್ಲೆಂಡಿನಲ್ಲಿ ವಸೂಲಿಗೆ ಬರುವವರು ಶೆರಿಫ್ ಆಫೀಸರ್‌ಗಳು, ಅಲ್ಲಿನ ಕ್ರಮ ಬೇರೆ. ಉತ್ತರ ಐರ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸೇ ಇಲ್ಲ.

ಮೊದಲು, ಈ ತೆರಿಗೆ ಯಾರದ್ದು?

ನಮ್ಮಲ್ಲಿ ಮನೆ ಕಂದಾಯ ಮಾಲೀಕರ ತಲೆನೋವು. ಬಾಡಿಗೆದಾರ ಅದರ ರಸೀದಿಯನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಅಲ್ಲಿ ಉಲ್ಟಾ. 1993ರಿಂದ ಇರುವ ಕೌನ್ಸಿಲ್ ಟ್ಯಾಕ್ಸ್ ಅನ್ನು ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವರೇ ಕಟ್ಟಬೇಕು, ಬಾಡಿಗೆಗಿದ್ದರೂ ಸರಿ. ಎಡವುವುದು ಇಲ್ಲೇ. ‘ಬಾಡಿಗೆ ಕೊಡ್ತಿದ್ದೀನಲ್ಲ, ಇನ್ನೇನು’ ಅಂದುಕೊಂಡು ಕಾಗದಗಳನ್ನು ಫ್ರಿಜ್ ಮೇಲೆ ಪೇರಿಸಿಡುತ್ತಾರೆ.

ಗಂಡ ಹೆಂಡತಿ ಜೊತೆಗಿದ್ದರೆ ಇಬ್ಬರೂ ಹೊಣೆ, ಒಬ್ಬರಿಂದಲೇ ಪೂರ್ತಿ ಹಣ ಕೇಳಬಹುದು. ಒಂದೊಂದು ರೂಮನ್ನು ಬೇರೆಬೇರೆಯವರಿಗೆ ಬಾಡಿಗೆ ಕೊಟ್ಟ ಮನೆಯಾದರೆ ಸಾಮಾನ್ಯವಾಗಿ ಮಾಲೀಕರದ್ದೇ ಹೊಣೆ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ 25 ಪರ್ಸೆಂಟ್ ರಿಯಾಯಿತಿ. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಬಿಲ್ಲೇ ಇಲ್ಲ. ಆದರೆ ಈ ವಿನಾಯಿತಿ ಕೋರ್ಸ್ ಮುಗಿಯುವ ದಿನದವರೆಗೆ ಮಾತ್ರ. ಕೋರ್ಸ್ ಮುಗಿಯಿತು, ವೀಸಾ ಬದಲಾಯಿತು, ಕೆಲಸ ಹುಡುಕುತ್ತಾ ಅದೇ ಮನೆಯಲ್ಲಿದ್ದೀರಿ ಅಂದರೆ ಮಾರನೇ ದಿನದಿಂದ ಮೀಟರ್ ಓಡುತ್ತದೆ. ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಸಿಕ್ಕಿದ್ದರೆ ಬಿಲ್ ಅವನ ಹೆಸರಿಗೆ, 25 ಪರ್ಸೆಂಟ್ ಕಡಿಮೆ ಮಾಡಿ.

ವೀಸಾದವರು ಇನ್ನೊಂದು ವಿಷಯ ಗಮನಿಸಬೇಕು. ಒಬ್ಬರೇ ಇರುವವರ ರಿಯಾಯಿತಿ, ವಿದ್ಯಾರ್ಥಿ ವಿನಾಯಿತಿ ಎರಡನ್ನೂ ಧೈರ್ಯವಾಗಿ ಕೇಳಬಹುದು. ಆದರೆ ಆದಾಯ ಕಡಿಮೆ ಇರುವವರಿಗೆ ಕೊಡುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ ಅಂತ ಇದ್ದರೆ ಸಲಹೆ ಕೇಳದೆ ಅದಕ್ಕೆ ಅರ್ಜಿ ಹಾಕಬೇಡಿ.

ಕಾಗದ ಬಂದಾಗಲೇ ಫೋನ್ ಮಾಡಿ

ಬೇಲಿಫ್ ದಿಢೀರ್ ಅಂತ ಆಕಾಶದಿಂದ ಬೀಳುವುದಿಲ್ಲ. ಟ್ಯಾಕ್ಸ್ ಅನ್ನು ಸಾಮಾನ್ಯವಾಗಿ ವರ್ಷಕ್ಕೆ 10 ಕಂತಿನಲ್ಲಿ ಕಟ್ಟಬೇಕು, ಕೇಳಿದರೆ 12 ಮಾಡಿಕೊಡುತ್ತಾರೆ. ಒಂದು ಕಂತು ತಪ್ಪಿದರೆ ರಿಮೈಂಡರ್. ಅದಕ್ಕೂ ಕಟ್ಟದಿದ್ದರೆ ಇಡೀ ವರ್ಷದ ಹಣವನ್ನು ಒಟ್ಟಿಗೆ ಕೇಳುತ್ತಾರೆ. ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಕೊನೆಗೆ ‘ಲಯಬಿಲಿಟಿ ಆರ್ಡರ್’, ಅಂದರೆ ಈ ಬಾಕಿ ನೀವೇ ಕಟ್ಟಬೇಕು ಅನ್ನುವ ಕೋರ್ಟ್ ಆದೇಶ. ಕೋರ್ಟ್ ಖರ್ಚೂ ನಿಮ್ಮ ತಲೆಗೇ. ಈ ಆರ್ಡರ್ ಕೈಗೆ ಸಿಕ್ಕ ಮೇಲೆ ಕೌನ್ಸಿಲ್ ನಿಮ್ಮ ಸಂಬಳದಿಂದ ಹಣ ಮುರಿಸಿಕೊಳ್ಳಬಹುದು, ಇಲ್ಲವೇ ಬೇಲಿಫ್ ಕಳಿಸಬಹುದು. ಒಂದು ಸಮಾಧಾನ ಅಂದರೆ, ಇದು ನಿಮ್ಮ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಾಣಿಸುವುದಿಲ್ಲ.

ಈ ಹಂತಗಳಲ್ಲಿ ಎಲ್ಲಿ ಬೇಕಾದರೂ ಕೌನ್ಸಿಲ್‌ಗೆ ಫೋನ್ ಮಾಡಿ ಕಂತು ಕೇಳಬಹುದು. ಆದಷ್ಟು ಬೇಗ ಮಾಡಿದಷ್ಟು ಖರ್ಚು ಕಡಿಮೆ. ಬಿಲ್ ನಿಮ್ಮದಲ್ಲ, ಆಗಲೇ ಕಟ್ಟಾಗಿದೆ, ಆಗ ವಿದ್ಯಾರ್ಥಿಯಾಗಿದ್ದೆ ಅನ್ನುವಂಥ ಕಾರಣ ಇದ್ದರೆ ಸಮನ್ಸ್ ದಿನ ಕೋರ್ಟಿನಲ್ಲಿ ಹೇಳಬೇಕು. ‘ಕೈಯಲ್ಲಿ ದುಡ್ಡಿಲ್ಲ’ ಅನ್ನುವುದಕ್ಕೆ ಆ ಕೋರ್ಟು ಜಾಗವಲ್ಲ, ಅದನ್ನು ಕೌನ್ಸಿಲ್ ಹತ್ತಿರವೇ ಹೇಳಬೇಕು.

ಮನೆ ಬದಲಿಸಿದಾಗ ಹಳೇ ಕೌನ್ಸಿಲ್‌ಗೆ ಹೊಸ ವಿಳಾಸ ಕೊಡುವುದನ್ನು ಮರೆಯಬೇಡಿ. ಹಾಸನದ ಹುಡುಗನಿಗೆ ಆಗಿದ್ದು ಇದೇ. ರಿಮೈಂಡರ್, ಸಮನ್ಸ್ ಎಲ್ಲ ಹಳೇ ಮನೆಯ ಬಾಗಿಲ ಹಿಂದೆ ಪಿಜ್ಜಾ ಜಾಹೀರಾತಿನ ಜೊತೆ ಬಿದ್ದಿದ್ದವು.

ನೋಟಿಸ್ ಬಂತು, ಮನುಷ್ಯ ಇನ್ನೂ ಬಂದಿಲ್ಲ

ಬೇಲಿಫ್ ಕಂಪನಿ ಮೊದಲು ‘ನೋಟಿಸ್ ಆಫ್ ಎನ್‌ಫೋರ್ಸ್‌ಮೆಂಟ್’ ಕಳಿಸಲೇಬೇಕು. ಅದಾದ ಮೇಲೆ ಕನಿಷ್ಠ 7 ಪೂರ್ತಿ ದಿನ ಕಾಯಬೇಕು. ಭಾನುವಾರ, ಬ್ಯಾಂಕ್ ರಜೆ ಲೆಕ್ಕಕ್ಕಿಲ್ಲ. ಈ ವಾರವನ್ನು ಕಳೆದುಕೊಳ್ಳಬೇಡಿ. ಯಾಕೆ ಅಂತ ಲೆಕ್ಕ ನೋಡಿ. 2014ರಲ್ಲಿ ಸರ್ಕಾರ ನಿಗದಿ ಮಾಡಿದ ದರದ ಪ್ರಕಾರ ಫೈಲ್ ಬೇಲಿಫ್ ಕೈಗೆ ಹೋದ ಕೂಡಲೇ 75 ಪೌಂಡ್ ಬಿತ್ತು. ಆತ ಮನೆಗೆ ಬಂದ ಮೊದಲ ಸಲವೇ ಇನ್ನೂ 235. ನೀವು ಬಾಗಿಲು ತೆಗೆದರೂ ಅಷ್ಟೇ, ತೆಗೆಯದಿದ್ದರೂ ಅಷ್ಟೇ. 600 ಪೌಂಡ್ ಬಾಕಿ ನೋಡನೋಡುತ್ತಿದ್ದಂತೆ 910 ಆಯಿತಲ್ವಾ? ಬಾಕಿ 1,500 ಪೌಂಡ್ ದಾಟಿದ್ದರೆ ಮೇಲಿನ ಮೊತ್ತಕ್ಕೆ ಶೇಕಡಾವಾರು ಶುಲ್ಕ ಬೇರೆ. ನಿಮಗೆ ಬಂದ ನೋಟಿಸಿನಲ್ಲಿ ಈಗಿನ ದರ ಬರೆದಿರುತ್ತದೆ, ಓದಿಕೊಳ್ಳಿ.

ಹಾಗಾಗಿ ಆ ವಾರದಲ್ಲೇ ಒಂದು ಹಾಳೆ ತೆಗೆದುಕೊಂಡು ಒಂದು ಕಡೆ ಸಂಬಳ, ಇನ್ನೊಂದು ಕಡೆ ಬಾಡಿಗೆ, ಕರೆಂಟು, ದಿನಸಿ, ಬಸ್ಸು, ಮಗುವಿನ ಖರ್ಚು ಬರೆಯಿರಿ. ಉಳಿಯುವುದರಲ್ಲಿ ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಅಂತ ಬೇಲಿಫ್ ಕಂಪನಿಗೆ ಹೇಳಿ. ಹೆದರಿಕೆಗೆ ಜಾಸ್ತಿ ಮೊತ್ತ ಒಪ್ಪಿಕೊಂಡು ಎರಡನೇ ತಿಂಗಳು ತಪ್ಪಿಸುವುದಕ್ಕಿಂತ ಕಡಿಮೆ ಒಪ್ಪಿ ನೆಟ್ಟಗೆ ಕಟ್ಟುವುದು ವಾಸಿ. ಮಾತಾಡಲು ಅಂಜಿಕೆ ಇದ್ದರೆ ಸಿಟಿಜನ್ಸ್ ಅಡ್ವೈಸ್, ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ಎಂಬ ಸಲಹಾ ಸಂಸ್ಥೆಗಳಿವೆ. ಮೂರೂ ಉಚಿತ. ಸಾಲದ ಸಲಹೆಗಾರರು ‘ಬ್ರೀದಿಂಗ್ ಸ್ಪೇಸ್’ ಕೊಡಿಸಬಹುದು. 2021ರ ಮೇ ತಿಂಗಳಿಂದ ಬಂದ ಈ ವ್ಯವಸ್ಥೆಯಲ್ಲಿ 60 ದಿನ ವಸೂಲಿ ನಿಲ್ಲುತ್ತದೆ. ನೀವೇ ಅರ್ಜಿ ಹಾಕಲು ಆಗುವುದಿಲ್ಲ, ಅವರ ಮೂಲಕವೇ ಹೋಗಬೇಕು.

ಬಾಗಿಲ ಬಳಿ

ಈಗ ಬೆಲ್ ಹೊಡೆಯಿತು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 6ರಿಂದ ರಾತ್ರಿ 9ರೊಳಗೆ ಮಾತ್ರ ಬರಬಹುದು.

ಮುಖ್ಯವಾದ ಮಾತು: ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಬಂದ ಬೇಲಿಫ್ ಮೊದಲ ಸಲ ಬಲವಂತವಾಗಿ ಮನೆಯೊಳಗೆ ನುಗ್ಗುವಂತಿಲ್ಲ. ಬೀಗ ಒಡೆಯುವಂತಿಲ್ಲ, ಕಿಟಕಿ ಹತ್ತುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ಬರುವಂತಿಲ್ಲ, ಬಾಗಿಲಿಗೆ ಕಾಲು ಅಡ್ಡ ಇಡುವಂತಿಲ್ಲ. ಆದರೆ ಚಿಲಕ ಹಾಕದ ಬಾಗಿಲನ್ನು ತೆಗೆದುಕೊಂಡು ಬರಬಹುದು. ‘ಬನ್ನಿ’ ಅಂದರೆ ಬರಬಹುದು. ಆದ್ದರಿಂದ ಹಿಂಬಾಗಿಲು, ಗಾರ್ಡನ್ ಕಡೆಯ ಗಾಜಿನ ಬಾಗಿಲು ಎರಡಕ್ಕೂ ಬೀಗ ಹಾಕಿ. ಮನೆಯವರೆಲ್ಲರಿಗೂ ಹೇಳಿಡಿ, ಅಪ್ಪ ಅಮ್ಮ ಬಂದಿದ್ದರೆ ಅವರಿಗೆ ಎರಡು ಸಲ ಹೇಳಿ.

ಬಾಗಿಲು ತೆಗೆಯದೆಯೇ ಮಾತಾಡಿ. ಇದು ಒರಟುತನ ಅಲ್ಲ, ಅಲ್ಲಿ ಎಲ್ಲರೂ ಮಾಡುವುದೇ. ಗುರುತಿನ ಚೀಟಿಯನ್ನು ಟಪಾಲು ಕಂಡಿಯಿಂದ ತೂರಿಸಲು ಅಥವಾ ಕಿಟಕಿಗೆ ಹಿಡಿಯಲು ಹೇಳಿ. ಯಾವ ಕೌನ್ಸಿಲ್, ಯಾವ ವರ್ಷದ ಬಾಕಿ, ಮೂಲ ಎಷ್ಟು, ಶುಲ್ಕ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಬೇಲಿಫ್‌ಗಳಿಗೆ ಕೌಂಟಿ ಕೋರ್ಟಿನ ಪ್ರಮಾಣಪತ್ರ ಇರಬೇಕು. ಅವರ ಹೆಸರನ್ನು ಸರ್ಕಾರದ ಆನ್‌ಲೈನ್ ರಿಜಿಸ್ಟರ್‌ನಲ್ಲಿ ಹುಡುಕಬಹುದು. ಅನುಮಾನ ಬಂದರೆ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿ. ಆತ ಕೊಟ್ಟ ಕಾರ್ಡಿನ ನಂಬರಿಗಲ್ಲ, ಕೌನ್ಸಿಲ್ ವೆಬ್‌ಸೈಟಿನಲ್ಲಿರುವ ನಂಬರಿಗೆ. ನಕಲಿ ಬೇಲಿಫ್‌ಗಳೂ ಇದ್ದಾರೆ.

ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ಆತನ ಎದೆ ಮೇಲೂ ಕ್ಯಾಮೆರಾ ಇರುತ್ತದಲ್ಲ. ‘ಬೀಗ ತೆಗೆಯುವವನನ್ನು ಕರೆಸ್ತೀನಿ’, ‘ಪೊಲೀಸ್ ಕರೀತೀನಿ’ ಅಂತ ಗದರಿದರೆ ಗಾಬರಿ ಬೇಡ. ಪೊಲೀಸರು ಬಂದರೂ ಗಲಾಟೆ ಆಗದಂತೆ ನೋಡುತ್ತಾರೆ ಅಷ್ಟೇ. ಬೇಲಿಫ್‌ಗೆ ಯಾರನ್ನೂ ಜೈಲಿಗೆ ಕಳಿಸುವ ಅಧಿಕಾರ ಇಲ್ಲ. ನೀವೂ ದನಿ ಏರಿಸಬೇಡಿ. ಬೈದರೆ ಅದು ಅವನ ವಿಡಿಯೋದಲ್ಲಿ ಇರುತ್ತದೆ.

ಮನೆಯಲ್ಲಿ 16 ವರ್ಷದೊಳಗಿನ ಮಕ್ಕಳು ಅಥವಾ ಅಸಹಾಯಕ ಸ್ಥಿತಿಯಲ್ಲಿರುವವರು ಮಾತ್ರ ಇದ್ದರೆ ಆತ ಜಪ್ತಿ ಮಾಡುವಂತಿಲ್ಲ. ವಯಸ್ಸಾದವರು, ಗರ್ಭಿಣಿ, ತೀವ್ರ ಕಾಯಿಲೆಯವರು, ಅಂಗವಿಕಲರು, ಇಂಗ್ಲಿಷ್ ಬಾರದವರು ಇವರ ಬಗ್ಗೆ ವಿಶೇಷ ಎಚ್ಚರ ಇರಬೇಕು ಅಂತ ಬೇಲಿಫ್‌ಗಳಿಗಿರುವ ಸರ್ಕಾರಿ ಮಾರ್ಗಸೂಚಿಯಲ್ಲಿದೆ. ಹಾಸನದ ಅಮ್ಮ ಆ ದಿನ ಒಬ್ಬರೇ ಇದ್ದಿದ್ದರೆ ಮಾತೇ ಬೇರೆ ಇತ್ತು. ಇಂಥವರು ಮನೆಯಲ್ಲಿದ್ದರೆ ಕಂಪನಿಗೂ ಕೌನ್ಸಿಲ್‌ಗೂ ಬರವಣಿಗೆಯಲ್ಲಿ ಮೊದಲೇ ತಿಳಿಸಿಡಿ. ಡಾಕ್ಟರ್ ಚೀಟಿ ಇದ್ದರೆ ಲಗತ್ತಿಸಿ.

ಕಾರು

ಮನೆ ಬಾಗಿಲು ಹಾಕಿಕೊಂಡು ಕಾರನ್ನು ಬೀದಿಯಲ್ಲಿ ಬಿಟ್ಟರೆ ಏನು ಬಂತು? ಮನೆ ಮುಂದೆ ಅಥವಾ ರಸ್ತೆಯಲ್ಲಿ ನಿಂತ ಕಾರಿಗೆ ಆತ ಚಕ್ರಬೀಗ ಹಾಕಬಹುದು. ಹಾಕಿದ ಮೇಲೆ ಕನಿಷ್ಠ 2 ಗಂಟೆ ಬಿಟ್ಟೇ ಎಳೆದುಕೊಂಡು ಹೋಗಬೇಕು. ಬ್ಲೂ ಬ್ಯಾಡ್ಜ್ (ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿ) ಇಟ್ಟ ಅಂಗವಿಕಲರ ವಾಹನ ಮುಟ್ಟುವಂತಿಲ್ಲ. ಗೆಳೆಯರ ಬೀಗ ಹಾಕಿದ ಗ್ಯಾರೇಜಿನಲ್ಲಿ ನಿಲ್ಲಿಸುವುದು ಸುಲಭದ ದಾರಿ. ಕಾರು ಕಂತಿನ ಮೇಲಿದ್ದರೆ, ಬೇರೆಯವರ ಹೆಸರಲ್ಲಿದ್ದರೆ ಕಾಗದ ಸಿದ್ಧವಾಗಿರಲಿ.

ಒಳಗೆ ಬಂದೇಬಿಟ್ಟಿದ್ದರೆ

ಬಂದ ತಕ್ಷಣ ಸಾಮಾನು ಹೊತ್ತುಕೊಂಡು ಹೋಗುವುದು ಅಪರೂಪ. ಪಟ್ಟಿ ಮಾಡಿ ‘ಕಂಟ್ರೋಲ್ಡ್ ಗೂಡ್ಸ್ ಅಗ್ರಿಮೆಂಟ್’ಗೆ ಸಹಿ ಕೇಳುತ್ತಾನೆ. ಅಂದರೆ ಟಿವಿ ನಿಮ್ಮ ಮನೆಯಲ್ಲೇ ಇರುತ್ತದೆ, ನೀವೇ ನೋಡುತ್ತೀರಿ, ಆದರೆ ಜಪ್ತಿ ಆದಂತೆ. ಕಂತು ತಪ್ಪಿದರೆ ನೋಟಿಸ್ ಕೊಟ್ಟು ಮತ್ತೆ ಬರಬಹುದು, ಆಗ ಬಾಗಿಲು ಒಡೆಯುವ ಅಧಿಕಾರವೂ ಇರುತ್ತದೆ. ಅಮ್ಮನ ‘ಕಮ್, ಕಮ್’ ದುಬಾರಿಯಾಗುವುದು ಹೀಗೆ.

ಪಟ್ಟಿಯನ್ನು ಸಾಲು ಸಾಲಾಗಿ ಓದಿ. ಬಟ್ಟೆ, ಹಾಸಿಗೆ, ಒಲೆ, ಫ್ರಿಜ್, ವಾಷಿಂಗ್ ಮೆಷಿನ್, ಮನೆಮಂದಿಗೆ ಬೇಕಾದಷ್ಟು ಊಟದ ಮೇಜು ಕುರ್ಚಿ, ಒಂದು ಫೋನ್ ಇವನ್ನೆಲ್ಲ ಬರೆಯುವಂತಿಲ್ಲ. ಕೆಲಸಕ್ಕೆ ಬೇಕಾದ ಸಾಮಾನು ಒಟ್ಟು 1,350 ಪೌಂಡ್ ಬೆಲೆಯವರೆಗೆ ಸೇಫ್. ರೂಮ್‌ಮೇಟ್‌ನ ಲ್ಯಾಪ್‌ಟಾಪ್, ಮನೆ ಮಾಲೀಕರ ಸೋಫಾ ನಿಮ್ಮ ಬಾಕಿಗೆ ಹೋಗಬಾರದು. ಬಾಡಿಗೆ ಕರಾರಿನ ಜೊತೆ ಕೊಟ್ಟ ಸಾಮಾನಿನ ಪಟ್ಟಿ, ಅಂಗಡಿ ಬಿಲ್ ತೋರಿಸಿ. ಬಾಗಿಲಲ್ಲೇ ಹಣ ಕೊಟ್ಟರೆ ರಸೀದಿ ಇಲ್ಲದೆ ಬಿಡಬೇಡಿ.

ಆತ ನಿಯಮ ಮೀರಿದ ಅನಿಸಿದರೆ ಮೊದಲು ಬೇಲಿಫ್ ಕಂಪನಿಗೂ ಕೌನ್ಸಿಲ್‌ಗೂ ಬರೆಯಿರಿ. ಕಳಿಸಿದ್ದು ಕೌನ್ಸಿಲ್, ಹಾಗಾಗಿ ಅದು ಕೈತೊಳೆದುಕೊಳ್ಳುವಂತಿಲ್ಲ. ಅಲ್ಲಿ ಆಗದಿದ್ದರೆ ಇಂಗ್ಲೆಂಡಿನಲ್ಲಿ ಲೋಕಲ್ ಗವರ್ನಮೆಂಟ್ ಆಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್‌ಗೆ, ವೇಲ್ಸ್‌ನಲ್ಲಿ ಪಬ್ಲಿಕ್ ಸರ್ವೀಸಸ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಹಾಸನದ ಹುಡುಗ ಆ ದಿನ ಸಹಿ ಹಾಕಿದ. ಮಾರನೇ ದಿನ ಸಲಹೆ ಕೇಂದ್ರಕ್ಕೆ ಹೋದಾಗ ಬಿಲ್ ಬಿಡಿಸಿ ನೋಡಿದರು. ಅದರಲ್ಲಿ ನಾಲ್ಕು ತಿಂಗಳು ಅವನಿನ್ನೂ ವಿದ್ಯಾರ್ಥಿ. ಯೂನಿವರ್ಸಿಟಿಯ ಪತ್ರ ಕಳಿಸಿದ ಮೇಲೆ ಕೌನ್ಸಿಲ್ ಅಷ್ಟನ್ನು ಕಳೆಯಿತು. ಉಳಿದ ಬಾಕಿ, ಬೇಲಿಫ್ ಶುಲ್ಕ ಎರಡನ್ನೂ ಆರು ಕಂತಿನಲ್ಲಿ ತೀರಿಸಿದ. ಅಮ್ಮ ವಾಪಸ್ ಹೊರಡುವವರೆಗೂ ಬೆಲ್ ಆದಾಗಲೆಲ್ಲ ಬಾಗಿಲಿನ ಚೈನ್ ಹಾಕಿ, ಟಪಾಲು ಕಂಡಿಗೆ ಬಾಯಿಟ್ಟು ಕನ್ನಡದಲ್ಲೇ ‘ಯಾರೂ?’ ಅಂತ ಕೇಳುತ್ತಿದ್ದರಂತೆ. ಪಾರ್ಸೆಲ್ ಹುಡುಗರು ಡಬ್ಬ ಅಲ್ಲೇ ಇಟ್ಟು ಓಡುತ್ತಿದ್ದರು.